ನಿತ್ಯಹಸುರಿನ ಬೇಲಿ

ಮನೆಗೆ ಗೋಡೆ ಹೇಗೋ ತೋಟಕ್ಕೆ ಬೇಲಿ ಹಾಗೆ. ದನಕರುಗಳು ನುಗ್ಗದಂತೆ ತಡೆಯುವುದು ಬೇಲಿಯ ಮೊದಲ ಕೆಲಸ. ಆದರೆ ನಗರವಾಸಿಗಳಾದ ನಮಗೆ ಬೇಲಿಯಿಂದ ಇನ್ನೊಂದು ಪ್ರಯೋಜನವೂ ಆಗಬೇಕಾಗಿದೆ. ಅದೇ ಮರೆ. ದಾರಿಹೋಕರ ಕಣ್ಣು ಬೀಳದಂತೆ ಕುಳಿತು ಓದಲು, ಆಡಲು, ನಾಲ್ಕು ಮಾತನಾಡಲು ಒಂದಿಷ್ಟು ಜಾಗ ಎಲ್ಲರಿಗೂ ಬೇಕು. ಇಟ್ಟಿಗೆಯ ಗೋಡೆಯನ್ನು ಕಟ್ಟಿದರೆ ಮರೆಯೇನೋ ದೊರೆಯುತ್ತದೆ. ಆದರೆ ಗಾಳಿ ನಿಲ್ಲುತ್ತದೆ, ಗೋಡೆ ಬಿಸಿಲಿಗೆ ಕಾಯುತ್ತದೆ, ಖರ್ಚೂ ಹೆಚ್ಚು. ಗಿಡಗಳನ್ನು ಸಾಲಾಗಿ, ಒತ್ತಾಗಿ ನೆಟ್ಟು ಬೆಳೆಸಿದ ಜೀವಂತ ಬೇಲಿಯಾದರೋ ಮರೆಯನ್ನೂ ಕೊಡುತ್ತದೆ, ಗಾಳಿಯನ್ನೂ ಒಳಗೆ ಬಿಡುತ್ತದೆ, ರಸ್ತೆಯ ಧೂಳಿನಲ್ಲಿ ಒಂದು ಪಾಲನ್ನು ತನ್ನ ಎಲೆಗಳ ಮೇಲೆ ಹಿಡಿದಿಡುತ್ತದೆ, ಹಕ್ಕಿಗಳಿಗೆ ಮನೆಯಾಗುತ್ತದೆ.

ಅಂತಹ ಬೇಲಿಯನ್ನು ಬೆಳೆಸುವ ಬಗೆಯನ್ನು ಇಲ್ಲಿ ತಿಳಿಯೋಣ. ಮೊದಲು ಈ ಬಗೆಯ ಬೇಲಿಗೆ ಹೆಸರಾದ ಇಂಗ್ಲೆಂಡಿನ ಲಾರೆಲ್ ಗಿಡವನ್ನು ನೋಡಿ, ಅನಂತರ ನಮ್ಮ ಮುಂಬಯಿಯ ನೆಲಕ್ಕೆ ಬರೋಣ. ಕೊನೆಗೆ ನಮ್ಮ ಶಾಲೆಯ ಅಂಗಳದ ಬೇಲಿಯಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳುತ್ತೇವೆ. ಏಕೆಂದರೆ ಅದನ್ನು ಸರಿಪಡಿಸುವ ಭಾರ ಈಗ ನಿಮ್ಮ ಮೇಲೆ ಬಿದ್ದಿದೆ.

ಹೆಸರು ಒಂದು, ಕುಲ ಇನ್ನೊಂದು

ಇಂಗ್ಲೆಂಡಿನಲ್ಲಿ ಮನೆಯ ಹೂದೋಟದ ಸುತ್ತ ಹಸುರು ಬೇಲಿಯನ್ನು ಬೆಳೆಸುವುದು ಬಹುಕಾಲದಿಂದ ಬಂದ ರೂಢಿ. ಅಲ್ಲಿಯ ಬಹಳಷ್ಟು ಗಿಡಮರಗಳು ಚಳಿಗಾಲದಲ್ಲಿ ಎಲೆಯುದುರಿಸಿ ಬರಿದಾಗಿ ನಿಲ್ಲುತ್ತವೆ. ಅಂತಹ ಗಿಡಗಳಿಂದ ಬೇಲಿ ಹಾಕಿದರೆ ನವೆಂಬರಿನಿಂದ ವಸಂತದವರೆಗೆ ಮರೆಯೇ ಇರುವುದಿಲ್ಲ. ಆದುದರಿಂದ ಹಿಮದಲ್ಲಿಯೂ ಎಲೆ ಬಿಡದ ಗಿಡಗಳನ್ನು ಅಲ್ಲಿಯ ಜನ ಆರಿಸಿಕೊಂಡರು. ಅವುಗಳಲ್ಲಿ ಚೆರಿ ಲಾರೆಲ್ ಎಂಬುದು ಒಂದು. ಅಗಲವಾದ, ದಪ್ಪನೆಯ, ಎಣ್ಣೆ ಸವರಿದಂತೆ ಹೊಳೆಯುವ ಎಲೆ ಅದರದು.

ಈ ಗಿಡ ಇಂಗ್ಲೆಂಡಿನದಲ್ಲ. ಕಪ್ಪು ಸಮುದ್ರದ ತೀರಪ್ರದೇಶ ಅದರ ತವರುಗಳಲ್ಲೊಂದು. ೧೫೭೬ರಲ್ಲಿ ಅದು ಕಾನ್‌ಸ್ಟಾಂಟಿನೋಪಲಿನಿಂದ ವಿಯೆನ್ನಾದಲ್ಲಿದ್ದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸನ ಕೈಸೇರಿತು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ತೋಟಗಳಲ್ಲಿ ಬೇರೂರಿತು. ತುರ್ಕಿಯ ತ್ರಾಬ್‌ಜಾನ್ ಸೀಮೆಯಲ್ಲಿ ಇಂದಿಗೂ ಇದರ ಮಾಗಿದ ಕಪ್ಪು ಹಣ್ಣನ್ನು ಜನರು ತಿನ್ನುತ್ತಾರೆ.

ಹೆಸರು ಲಾರೆಲ್ ಎಂದಿದ್ದರೂ ಇದು ನಿಜವಾದ ಲಾರೆಲ್ ಅಲ್ಲ. ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಗೆದ್ದವರಿಗೆ ನಿಜವಾದ ಲಾರೆಲಿನ ಎಲೆಗಳ ಕಿರೀಟವನ್ನು ತೊಡಿಸುತ್ತಿದ್ದರು. ೧೯೩೦ರಲ್ಲಿ ನೊಬೆಲ್ ಬಹುಮಾನ ಪಡೆದ ಸಿ. ವಿ. ರಾಮನ್ನರನ್ನು ‘ನೊಬೆಲ್ ಲಾರಿಯೇಟ್’ ಎನ್ನುತ್ತೇವಷ್ಟೆ. ಆ ಮಾತು ಹುಟ್ಟಿದ್ದು ಈ ಎಲೆಯಿಂದಲೇ. ನಿಜವಾದ ಲಾರೆಲ್ ನಮ್ಮ ದಾಲ್ಚಿನ್ನಿಯ ಕುಟುಂಬದ್ದು. ಪಲಾವಿಗೆ ಹಾಕುವ ತೇಜಪತ್ತೆಯೂ ಇದೇ ಬಳಗಕ್ಕೆ ಸೇರಿದ್ದು. ಬೇಲಿಯ ಚೆರಿ ಲಾರೆಲ್ ಮಾತ್ರ ಗುಲಾಬಿಯ ಕುಟುಂಬದ ಗಿಡ. ಬಾದಾಮಿ, ಚೆರಿ, ಪ್ಲಮ್ ಇವು ಅದರ ದಾಯಾದಿಗಳು. ಎಲೆಯ ಹೋಲಿಕೆಯಿಂದಷ್ಟೇ ಅದಕ್ಕೆ ಆ ಹೆಸರು ಬಂದಿದೆ.

ಈ ಭೇದವನ್ನು ತಿಳಿಯದಿದ್ದರೆ ಪ್ರಾಣಕ್ಕೇ ಅಪಾಯವುಂಟು. ಚೆರಿ ಲಾರೆಲಿನ ಎಲೆಯನ್ನು ಹಿಸುಕಿದರೆ ಕಹಿ ಬಾದಾಮಿಯ ವಾಸನೆ ಬರುತ್ತದೆ. ಆಗ ಎಲೆಯಿಂದ ಹೈಡ್ರೊಜನ್ ಸಯನೈಡ್ ಎಂಬ ಘೋರವಾದ ವಿಷವೂ ಹೊರಬೀಳುತ್ತದೆ. ಹಿಂದೆ ಕೀಟಸಂಗ್ರಹ ಮಾಡುತ್ತಿದ್ದವರು ಜಜ್ಜಿದ ಲಾರೆಲ್ ಎಲೆಗಳನ್ನು ಭರಣಿಯಲ್ಲಿ ಹಾಕಿ, ಚಿಟ್ಟೆಗಳನ್ನು ಅದರಲ್ಲಿ ಮುಚ್ಚಿ ಕೊಲ್ಲುತ್ತಿದ್ದರು. ಅಡಿಗೆಯ ಎಲೆಯೆಂದು ಇದನ್ನು ಪಾತ್ರೆಗೆ ಹಾಕಿದರೆ ಏನಾದೀತೆಂಬುದನ್ನು ನೀವೇ ಊಹಿಸಿರಿ. ಹೆಸರನ್ನು ಮಾತ್ರ ಕೇಳಿ ಗಿಡವನ್ನು ನಂಬಬಾರದು.

ಬೇಗ ಬೆಳೆಯುವ ಗಿಡ, ನೆರೆಮನೆಯ ಬೆಳಕು

ಚೆರಿ ಲಾರೆಲ್ ಒಂದು ವರ್ಷದಲ್ಲಿ ೩೦ರಿಂದ ೬೦ ಸೆಂಟಿಮೀಟರ್ ಬೆಳೆಯಬಲ್ಲದು. ನೆರಳನ್ನೂ ಸಹಿಸುತ್ತದೆ. ಮುದಿ ಕಾಂಡವನ್ನು ಕಡಿದರೂ ಮತ್ತೆ ಚಿಗುರುತ್ತದೆ. ಗಿಡದಿಂದ ಗಿಡಕ್ಕೆ ೬೦ರಿಂದ ೯೦ ಸೆಂಟಿಮೀಟರ್ ಅಂತರ ಬಿಟ್ಟು ನೆಟ್ಟರೆ ಕೆಲವು ವರ್ಷಗಳಲ್ಲಿ ಆಳೆತ್ತರದ ದಟ್ಟ ಗೋಡೆಯಾಗುತ್ತದೆ. ಅದರ ಎಲೆ ಅಗಲವಾಗಿರುವುದರಿಂದ ದೊಡ್ಡ ಕತ್ತರಿಯಿಂದ ಸವರಿದರೆ ಅರ್ಧರ್ಧ ತುಂಡಾದ ಎಲೆಗಳ ಅಂಚು ಕಂದಾಗಿ ಬೇಲಿ ಕುರೂಪವಾಗುತ್ತದೆ. ಆದುದರಿಂದ ಬಲ್ಲವರು ಸಿಕೇಟರ್ ಎಂಬ ಕೈಕತ್ತರಿಯಿಂದ ಒಂದೊಂದೇ ರೆಂಬೆಯನ್ನು ಎಣಿಸಿದಂತೆ ಕತ್ತರಿಸುತ್ತಾರೆ.

ಆದರೆ ಬೇಗ ಬೆಳೆಯುವ ಗಿಡವು ತಾನಾಗಿ ನಿಲ್ಲುವುದಿಲ್ಲ. ಬೇಲಿಯನ್ನು ನೆಟ್ಟವನಿಗೆ ಆಳೆತ್ತರ ಸಾಕು, ಗಿಡಕ್ಕೆ ಸಾಲದು. ಕತ್ತರಿಸುವವರಿಲ್ಲದಿದ್ದರೆ ಅದು ಮರದೆತ್ತರಕ್ಕೆ ಏರಿ ಪಕ್ಕದ ಮನೆಯ ಕಿಟಕಿಯನ್ನು ಮುಚ್ಚುತ್ತದೆ. ಇಂಗ್ಲೆಂಡಿನಲ್ಲಿ ಇಂತಹ ಬೇಲಿಗಳಿಂದ ನೆರೆಹೊರೆಯವರಲ್ಲಿ ಎಷ್ಟು ಜಗಳಗಳಾದುವೆಂದರೆ, ೨೦೦೩ರಲ್ಲಿ ಪಾರ್ಲಿಮೆಂಟು ಇದಕ್ಕಾಗಿ ಕಾಯಿದೆಯನ್ನೇ ಮಾಡಬೇಕಾಯಿತು. ಎರಡು ಮೀಟರಿಗಿಂತ ಎತ್ತರವಾದ ನಿತ್ಯಹಸುರಿನ ಬೇಲಿಯು ಬೆಳಕನ್ನು ತಡೆಯುತ್ತಿದ್ದರೆ, ಮಾತುಕತೆಯಿಂದ ಬಗೆಹರಿಯದಾಗ ನೆರೆಯವರು ಅಲ್ಲಿಯ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ಆಡಳಿತವು ವಿಚಾರಿಸಿ ಎತ್ತರವನ್ನು ಇಳಿಸಲು ಆಜ್ಞೆ ಮಾಡಬಹುದು. ಆದರೆ ಎರಡು ಮೀಟರಿಗಿಂತ ಕೆಳಗೆ ಇಳಿಸೆಂದಾಗಲಿ, ಬೇಲಿಯನ್ನು ಕಿತ್ತುಹಾಕೆಂದಾಗಲಿ ಹೇಳುವಂತಿಲ್ಲ. ಇಂಗ್ಲೆಂಡಿನಲ್ಲಿ ಇದು ೨೦೦೫ರಲ್ಲಿ ಜಾರಿಗೆ ಬಂದಿತು. ಈ ಕಾಯಿದೆಯಲ್ಲಿ ಇಬ್ಬರ ಹಕ್ಕಿಗೂ ಎಡೆಯಿರುವುದನ್ನು ಗಮನಿಸಿರಿ. ಒಬ್ಬನಿಗೆ ಮರೆ ಬೇಕು. ಅದರಿಂದ ಇನ್ನೊಬ್ಬನ ಮನೆಗೆ ಕತ್ತಲೆ ಕವಿಯಬಾರದು.

ನಮ್ಮ ನೆಲದ ಗಿಡಗಳು

ತಂಪು ನಾಡಿನ ಚೆರಿ ಲಾರೆಲ್ ಮುಂಬಯಿಯ ಸೆಕೆಗೆ ಒಗ್ಗುವ ಗಿಡವಲ್ಲ. ಇಲ್ಲಿ ಹಿಮದ ಭಯವಿಲ್ಲ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಬರುವ ಒಣ ಬಿಸಿಲೇ ಪರೀಕ್ಷೆ. ಅದನ್ನು ತಾಳುವ ಬೇಲಿಗಿಡಗಳು ನಮ್ಮಲ್ಲಿ ಬೇಕಾದಷ್ಟಿವೆ. ದಾಸವಾಳವು ಹೂವನ್ನೂ ಕೊಡುತ್ತದೆ. ಆಡುಸೋಗೆಯನ್ನು ಹಳ್ಳಿಗಳಲ್ಲಿ ಬೇಲಿಗೂ ಕೆಮ್ಮಿನ ಔಷಧಿಗೂ ಬೆಳೆಸುತ್ತಾರೆ. ಕಾಮಿನಿಯ ಹೂವು ಇರುಳಿನಲ್ಲಿ ಕಂಪು ಬೀರುತ್ತದೆ. ಆದರೆ ಗಿಡದ ಬೆಳವಣಿಗೆ ನಿಧಾನ. ಡುರಾಂಟ ಬೇಗ ಬೆಳೆಯುತ್ತದೆ. ಆದರೆ ಅದರ ಹಳದಿ ಹಣ್ಣು ವಿಷವಾದುದರಿಂದ ಚಿಕ್ಕ ಮಕ್ಕಳಿರುವಲ್ಲಿ ಅದು ತಕ್ಕುದಲ್ಲ.

ಇವೆಲ್ಲವುಗಳಲ್ಲಿ ನಾವು ಆರಿಸಿಕೊಂಡದ್ದು ಗೋರಂಟಿಯನ್ನು. ನಿಮ್ಮಲ್ಲಿ ಕರಾವಳಿಯ ಮನೆಯವರು ಇದನ್ನು ಮದರಂಗಿ ಎನ್ನುತ್ತೀರಿ. ನೆರೆಯ ಮರಾಠಿ ಮಿತ್ರರು ಮೆಂದಿ ಎನ್ನುತ್ತಾರೆ. ಕಡ್ಡಿ ನೆಟ್ಟರೆ ಬದುಕುತ್ತದೆ, ಬೇಗ ಬೆಳೆಯುತ್ತದೆ, ಕತ್ತರಿಗೆ ಹೆದರುವುದಿಲ್ಲ. ಸಾಕಷ್ಟು ನೀರು ದೊರೆತರೆ ವರ್ಷದ ಬಹುಕಾಲ ಹಸುರಾಗಿರುತ್ತದೆ. ಬಲಿತ ರೆಂಬೆಗಳ ತುದಿ ಮುಳ್ಳಿನಂತಾಗುವುದರಿಂದ ಬೇಲಿಗೆ ಬಲವೂ ಬರುತ್ತದೆ.

ಬೇಲಿಗೆಂದು ಪರದೇಶದ ಗಿಡವನ್ನು ತರುವಾಗ ಎಚ್ಚರವಿರಬೇಕೆಂಬುದಕ್ಕೆ ಲಂಟಾನವೇ ಸಾಕ್ಷಿ. ಅಮೆರಿಕ ಖಂಡದ ಉಷ್ಣಪ್ರದೇಶದ ಈ ಗಿಡವನ್ನು ೧೯ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಭಾರತಕ್ಕೆ ತಂದರು, ಬೇಲಿಗೂ ನೆಟ್ಟರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮುಂತಾದ ಕಾಡುಗಳಲ್ಲಿ ಲಂಟಾನದ ಪೊದೆಗಳು ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡುತ್ತಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಮೇಜುಗಳನ್ನು ಹೆಣೆದು ಶತ್ರುವಿನಿಂದಲೂ ಉಪಯೋಗ ಪಡೆಯುವುದನ್ನು ಕಲಿತಿದ್ದಾರೆ. ಬ್ರಿಟನ್, ಐರ್ಲೆಂಡುಗಳ ಕೆಲವು ಕಾಡುಗಳಲ್ಲಿ ಚೆರಿ ಲಾರೆಲಿನ ಕಥೆಯೂ ಇಂಥದೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ತಾನೆ?

ನೆಡುವ ಕ್ರಮ

ಮುಂಬಯಿಗೆ ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಮಳೆ ಬರುತ್ತದೆ. ಅದಕ್ಕೆ ಮೂರು ನಾಲ್ಕು ವಾರಗಳ ಮುಂಚೆ ಬೇಲಿಯ ಸಾಲಿನಲ್ಲಿ ೪೫ ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆಯನ್ನು ಅಗೆಯಬೇಕು. ನಗರದ ಮಣ್ಣಿನಲ್ಲಿ ಇಟ್ಟಿಗೆಯ ಚೂರು, ಗಾಜು, ಸಿಮೆಂಟಿನ ಹೆಂಟೆಗಳು ಹೇರಳವಾಗಿರುತ್ತವೆ. ಅವನ್ನು ಆರಿಸಿ ತೆಗೆಯಬೇಕು. ಕಾಲುವೆ ಚೆನ್ನಾಗಿ ಬಿಸಿಲುಂಡ ಮೇಲೆ ಮೇಲ್ಮಣ್ಣನ್ನೂ ಹಳೆಯ ಕೊಟ್ಟಿಗೆಗೊಬ್ಬರವನ್ನೂ ಬೆರೆಸಿ ತುಂಬಬೇಕು.

ನೆಡಲು ಪೆನ್ಸಿಲಿನಷ್ಟು ದಪ್ಪದ, ಬಲಿತ, ೨೦ರಿಂದ ೨೫ ಸೆಂಟಿಮೀಟರ್ ಉದ್ದದ ಕಡ್ಡಿಗಳು ಒಳ್ಳೆಯವು. ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿನೊಳಗಿರಬೇಕು; ಬುಡ ಮೇಲಾಗದಂತೆ ನೋಡಿಕೊಳ್ಳಬೇಕು. ೩೦ ಸೆಂಟಿಮೀಟರ್ ಅಂತರದ ಎರಡು ಸಾಲುಗಳನ್ನು ಹಗ್ಗ ಹಿಡಿದು ಗುರುತಿಸಿ, ಪ್ರತಿ ಸಾಲಿನಲ್ಲಿಯೂ ೩೦ ಸೆಂಟಿಮೀಟರಿಗೊಂದರಂತೆ ನೆಡಬೇಕು. ಒಂದು ಸಾಲಿನ ಎರಡು ಗಿಡಗಳ ನಡುವಿನ ಜಾಗಕ್ಕೆ ಎದುರಾಗಿ ಇನ್ನೊಂದು ಸಾಲಿನ ಗಿಡ ಬರಬೇಕು.

ಇಲ್ಲಿ ಒಂದು ಚಿಕ್ಕ ಲೆಕ್ಕ. ನಮ್ಮ ಬೇಲಿಯ ಉದ್ದ ೨೪ ಮೀಟರ್. ಎರಡು ಸಾಲಿಗೆ ಎಷ್ಟು ಗಿಡ ಬೇಕು? ತರಗತಿಯಲ್ಲಿ ಕೇಳಿದಾಗ ೧೬೦ ಎಂದವರೇ ಹೆಚ್ಚು. ಮೊದಲ ಸಾಲಿನಲ್ಲಿ ಅಂತರಗಳು ೮೦. ಆದರೆ ಎರಡು ತುದಿಗಳಲ್ಲಿಯೂ ಗಿಡವಿರುವುದರಿಂದ ಗಿಡಗಳು ೮೧. ಎರಡನೆಯ ಸಾಲಿನಲ್ಲಿ ಅಂತರಕ್ಕೊಂದರಂತೆ ೮೦. ಒಟ್ಟು ೧೬೧. ಆ ಒಂದು ಗಿಡವನ್ನು ಮರೆತರೆ ಬೇಲಿಯ ಕೊನೆಯಲ್ಲಿ ನಾಯಿ ನುಸುಳುವಷ್ಟು ಕಂಡಿ ಉಳಿಯುತ್ತದೆ!

ನಮ್ಮ ಅಂಗಳದಲ್ಲಿ ನಡೆದುದು

ಮೂರು ಮಳೆಗಾಲಗಳ ಹಿಂದೆ ಎಂಟನೆಯ ತರಗತಿಯವರೊಡನೆ ನಾವು ಶಾಲೆಯ ಹಿಂಬದಿಯ ತಂತಿಬೇಲಿಯ ಉದ್ದಕ್ಕೂ ಈ ೧೬೧ ಕಡ್ಡಿಗಳನ್ನು ನೆಟ್ಟೆವು. ಆಚೆ ಸದಾ ಜನ ಓಡಾಡುವ ಗಲ್ಲಿ. ನಮ್ಮ ಹೆಣ್ಣುಮಕ್ಕಳು ಕೊಕ್ಕೊ ಆಡುವಾಗ ತಂತಿಗೆ ಆತು ನಿಂತು ನೋಡುವವರಿಗೆ ಕಡಿಮೆಯಿರಲಿಲ್ಲ. ಆಟವನ್ನೇ ಬಿಟ್ಟ ಹುಡುಗಿಯರೂ ಇದ್ದರು. ಅವರಿಗೊಂದು ಮರೆ ಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು.

ಕಡ್ಡಿಗಳು ಚಿಗುರಿ ಮೊಣಕಾಲೆತ್ತರಕ್ಕೆ ಬಂದಾಗ ಮಾಲಿ ಕತ್ತರಿ ಹಿಡಿದು ಬಂದನು. ಎಲ್ಲವನ್ನೂ ಗೇಣೆತ್ತರಕ್ಕೆ ಕಡಿಯಬೇಕೆಂದನು. ಮಕ್ಕಳು ಒಪ್ಪಲಿಲ್ಲ. ತಾವೇ ನೀರು ಹೊತ್ತು ಬೆಳೆಸಿದ ಗಿಡದ ತುದಿಯನ್ನು ಕಡಿಯುವುದೆಂದರೆ ಯಾರಿಗೆ ತಾನೆ ಮನಸ್ಸು ಬಂದೀತು? ಅವರಿಗೆ ತಿಳಿಹೇಳಬೇಕಾದ ನಾವೂ ಆಸೆಗೆ ಬಿದ್ದೆವು. ವಾರ್ಷಿಕೋತ್ಸವದ ಹೊತ್ತಿಗೆ ಬೇಲಿ ಎತ್ತರವಾಗಿ ಕಂಡರೆ ಚೆನ್ನಲ್ಲವೆ ಎಂದು ಮಕ್ಕಳ ಪಕ್ಷವನ್ನೇ ಹಿಡಿದೆವು. “ಮಾಸ್ತರರೇ, ಈಗ ಕತ್ತರಿ ಬೇಡವೆಂದರೆ ಮುಂದೆ ಕೊಡಲಿ ಬೇಕಾಗುತ್ತದೆ” ಎಂದಷ್ಟೇ ಹೇಳಿ ಮಾಲಿ, ನೀರಿನ ನಲ್ಲಿಯ ಕಡೆಯ ನಾಲ್ಕು ಮೀಟರ್ ಉದ್ದವನ್ನು ಮಾತ್ರ ಕಡಿದನು. ಆ ಮೇಲೆಯೂ ಆ ಭಾಗ ಗೇಣುದ್ದ ಬೆಳೆದಾಗಲೆಲ್ಲ ಅರ್ಧವನ್ನು ಕತ್ತರಿಸುತ್ತ ಬಂದನು.

ವಾರ್ಷಿಕೋತ್ಸವದ ದಿನ ಉಳಿದ ಇಪ್ಪತ್ತು ಮೀಟರ್ ಬೇಲಿ ಎದೆಯೆತ್ತರಕ್ಕೆ ನಿಂತಿತ್ತು, ಎಲ್ಲರೂ ಮೆಚ್ಚಿದರು. ಮಾಲಿಯ ಭಾಗ ಮೊಣಕಾಲನ್ನೂ ದಾಟಿರಲಿಲ್ಲ.

ಈಗ ಹೋಗಿ ನೋಡಿರಿ. ಕಡಿಯದೆ ಬಿಟ್ಟ ಬೇಲಿ ಎಂಟಡಿ ಏರಿದೆ. ಹಸುರೆಲ್ಲ ಮೇಲೆಯೇ ಇದೆ; ಸೊಂಟದ ಕೆಳಗೆ ಬರಿಯ ಕೋಲುಗಳು. ಚೆಂಡು ದಾಟುತ್ತದೆ, ನಾಯಿ ದಾಟುತ್ತದೆ, ಕಣ್ಣೂ ದಾಟುತ್ತದೆ. ಮಾಲಿ ಕತ್ತರಿಸಿದ ಭಾಗವಾದರೋ ನೆಲದಿಂದ ಹಿಡಿದು ಐದಡಿಯವರೆಗೆ ಕೈ ತೂರದಷ್ಟು ದಟ್ಟವಾಗಿದೆ. ಕಳೆದ ವರ್ಷ ಪಿಕಳಾರ ಹಕ್ಕಿ ಗೂಡು ಕಟ್ಟಿದುದೂ ಅಲ್ಲಿಯೇ.

ಇದು ಸಾಲದೆಂಬಂತೆ ಇನ್ನೊಂದು ಸಂಗತಿಯೂ ನಡೆಯಿತು. ಬೇಲಿಗೆ ತಾಗಿರುವ ಚಾಳಿನ ನೆಲಮಾಳಿಗೆಯಲ್ಲಿ ವಾಸವಾಗಿರುವ ವೃದ್ಧೆಯೊಬ್ಬರು ಒಂದು ದಿನ ನಮ್ಮಲ್ಲಿಗೆ ಬಂದರು. “ಮಾಸ್ತರರೇ, ಗಿಡ ಚೆನ್ನಾಗಿ ಬೆಳೆಸಿದ್ದೀರಿ. ಆದರೆ ನನ್ನ ಕಿಟಕಿಗೆ ಈಗ ಸಂಜೆ ಬೇಗ ಬರುತ್ತದೆ” ಎಂದರು. ಅವರು ಕೋಪದ ಒಂದು ಮಾತನ್ನೂ ಆಡಲಿಲ್ಲ. ಕಿಟಕಿಯ ಬಳಿ ಕುಳಿತು ಹೊಲಿಯುವುದು ಅವರ ವಾಡಿಕೆ. ಮಕ್ಕಳಿಗೆ ಮರೆಯಾಗಲೆಂದು ನೆಟ್ಟ ಬೇಲಿ ಅವರ ಬೆಳಕನ್ನು ಕಸಿದುಕೊಂಡಿತ್ತು. ಮಕ್ಕಳಿಗೋ ಮರೆಯನ್ನೂ ಕೊಟ್ಟಿರಲಿಲ್ಲ.

ಕಾರಣವೇನು?

ಗಿಡದ ಕಾಂಡದ ನೆತ್ತಿಯಲ್ಲಿ ತುದಿಮೊಗ್ಗು ಇರುತ್ತದೆ. ಕೆಳಗೆ ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಪಕ್ಕದ ಮೊಗ್ಗುಗಳು ಮಲಗಿರುತ್ತವೆ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕಾಂಡದಲ್ಲಿ ಕೆಳಗಿಳಿಯುತ್ತಿರುವವರೆಗೆ ಈ ಪಕ್ಕದ ಮೊಗ್ಗುಗಳು ಸುಲಭವಾಗಿ ಏಳುವುದಿಲ್ಲ. ೧೯೩೩ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಇದನ್ನು ಅವರೆಯ ಜಾತಿಯ ಸಸಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ತುದಿಯನ್ನು ಕತ್ತರಿಸಿದಾಗ ಪಕ್ಕದ ಮೊಗ್ಗುಗಳು ಎದ್ದವು. ಕತ್ತರಿಸಿದ ಜಾಗಕ್ಕೆ ಆಕ್ಸಿನನ್ನು ಇಟ್ಟಾಗ ತುದಿಯಿಲ್ಲದಿದ್ದರೂ ಏಳದೆ ಉಳಿದವು. ಈ ಕಾರ್ಯದಲ್ಲಿ ಬೇರೆ ರಸಗಳಿಗೂ ಸಕ್ಕರೆಗೂ ಪಾತ್ರವಿದೆಯೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ.

ಹೀಗಾಗಿ ತುದಿಯನ್ನು ಒಮ್ಮೆ ಕತ್ತರಿಸಿದರೆ ಒಂದು ಕಾಂಡದ ಜಾಗದಲ್ಲಿ ಎರಡು ಮೂರು ರೆಂಬೆಗಳು ಹೊರಡುತ್ತವೆ. ಅವುಗಳ ತುದಿಯನ್ನೂ ಕತ್ತರಿಸಿದರೆ ಐದಾರು. ಬೇಲಿಯ ದಟ್ಟಣೆ ಬರುವುದು ಈ ಗುಣಾಕಾರದಿಂದಲೇ. ಮಾಲಿಗೆ ಆಕ್ಸಿನ್ ಎಂಬ ಹೆಸರು ತಿಳಿದಿರಲಿಲ್ಲ. ಅದರ ಕೆಲಸ ಚೆನ್ನಾಗಿ ತಿಳಿದಿತ್ತು. ನಮಗೆ ಹೆಸರು ತಿಳಿದಿತ್ತು; ತರಗತಿಯಲ್ಲಿ ಪಾಠವನ್ನೂ ಹೇಳಿದ್ದೆವು. ಆದರೂ ಅಂಗಳದಲ್ಲಿ ಅದನ್ನು ಮರೆತೆವು.

ಇನ್ನೊಂದು ಕಾರಣ ಬಿಸಿಲು. ಮೇಲಿನ ಎಲೆಗಳು ಕೊಡೆಯಂತೆ ಹರಡಿದರೆ ಕೆಳಗಿನ ಎಲೆಗಳು ನೆರಳಿನಲ್ಲಿ ಸೊರಗಿ ಉದುರುತ್ತವೆ. ಆದುದರಿಂದ ಬೇಲಿಯನ್ನು ಬುಡದಲ್ಲಿ ಅಗಲವಾಗಿಯೂ ನೆತ್ತಿಯಲ್ಲಿ ಸ್ವಲ್ಪ ಕಿರಿದಾಗಿಯೂ ಕತ್ತರಿಸಬೇಕು.

ಮುಂದಿನ ಕೆಲಸ

ಅದೃಷ್ಟಕ್ಕೆ ಗೋರಂಟಿಯೂ ಲಾರೆಲಿನಂತೆ ಹಳೆಯ ಕಾಂಡದಿಂದ ಚಿಗುರುವ ಗಿಡ. ಆದುದರಿಂದ ಬರುವ ಜೂನಿನಲ್ಲಿ ಮೊದಲ ಮಳೆ ಬಿದ್ದ ಕೂಡಲೆ ನಾವೆಲ್ಲರೂ ಸೇರಿ ಈ ಕೆಲಸವನ್ನು ಮಾಡತಕ್ಕದ್ದು:

೧. ಮೊದಲು ಗೂಡುಗಳನ್ನು ಹುಡುಕುವುದು. ಗೂಡಿದ್ದರೆ ಮರಿಗಳು ಹಾರಿಹೋಗುವ ತನಕ ಆ ಭಾಗವನ್ನು ಮುಟ್ಟಕೂಡದು.

೨. ಎತ್ತರದ ಇಪ್ಪತ್ತು ಮೀಟರ್ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕಡಿದು ಬುಡಕ್ಕೆ ಗೊಬ್ಬರ ಹಾಕುವುದು.

೩. ಕಡಿದ ರೆಂಬೆಗಳಿಂದಲೇ ಒಳ್ಳೆಯ ಕಡ್ಡಿಗಳನ್ನು ಆರಿಸಿ ಕಂಡಿಗಳಲ್ಲಿ ನೆಡುವುದು.

೪. ಹೊಸ ಚಿಗುರು ಗೇಣುದ್ದ ಬೆಳೆದಾಗಲೆಲ್ಲ ಅರ್ಧವನ್ನು ಕತ್ತರಿಸುವುದು. ಐದಡಿ ಮುಟ್ಟಿದ ಮೇಲೆ ಅದಕ್ಕಿಂತ ಎತ್ತರಕ್ಕೆ ಬಿಡದಿರುವುದು.

೫. ಬೇಲಿ ತುಂಬುವ ತನಕ ತಂತಿಗೆ ಬಿದಿರಿನ ತಟ್ಟಿಗಳನ್ನು ಕಟ್ಟುವುದು. ಕಿಟಕಿಯ ಎದುರಿನಲ್ಲಿ ಮಾತ್ರ ಆ ವೃದ್ಧೆಯನ್ನು ಕೇಳಿಕೊಂಡೇ ಕಟ್ಟುವುದು.

ಕತ್ತರಿಸಿದ ಎಲೆ ವ್ಯರ್ಥವಲ್ಲ. ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹುಡುಗಿಯರು ಕೈಗೆ ಗೋರಂಟಿ ಹಚ್ಚಿಕೊಂಡು ಜೋಕಾಲಿ ಆಡುವ ಹಬ್ಬ. ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಅಂಗೈಗೆ ಕೆಂಪನ್ನು ಕೊಡುತ್ತದೆ. ಮಳೆಗಾಲದ ಕತ್ತರಿಕೆಯನ್ನು ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಂಡರೆ, ಬೇಲಿಗೂ ಲಾಭ, ಹಬ್ಬಕ್ಕೂ ಲಾಭ.

ವಿದ್ಯಾರ್ಥಿಮಿತ್ರರೇ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ನಿಮಗೆ ಆಗಾಗ ಹೇಳುತ್ತಿರುತ್ತಾರೆ. ಈ ಸಲ ಆ ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ. ಕಡ್ಡಿ ನೆಟ್ಟ ಮಕ್ಕಳು ಹತ್ತನೆಯ ತರಗತಿಯನ್ನು ಮುಗಿಸಿ ಹೋಗಿದ್ದಾರೆ. ತಮ್ಮ ಬೇಲಿಯ ಮರೆಯಲ್ಲಿ ಅವರು ಒಂದು ದಿನವೂ ಆಡಲಿಲ್ಲ. ಜೂನಿನಲ್ಲಿ ಕತ್ತರಿ ಹಿಡಿಯುವ ನಿಮ್ಮಲ್ಲಿ ಹಿರಿಯ ತರಗತಿಯವರಿಗೂ ಬಹುಶಃ ಆ ಭಾಗ್ಯವಿರದು. ಆದರೆ ಈಗ ಐದನೆಯ ತರಗತಿಯಲ್ಲಿರುವ ಹುಡುಗಿಯರು ಮುಂದೆ ಆ ಅಂಗಳದಲ್ಲಿ ಅಳುಕಿಲ್ಲದೆ ಕೊಕ್ಕೊ ಆಡಿಯಾರು. ಆಚೆಯ ಕಿಟಕಿಯಲ್ಲಿ ಹೊಲಿಗೆಗೆ ಬೆಳಕೂ ಇದ್ದೀತು. ಅದಕ್ಕಾಗಿ ನಾಲ್ಕು ಕತ್ತರಿಗಳನ್ನು ಸಾಣೆ ಹಿಡಿಸಿ ಇಟ್ಟಿದ್ದೇವೆ.